ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಭೀಮ ಸಂಘ

ಭೀಮ ಸಂಘವು ಕರ್ನಾಟಕದ ದುಡಿಯುವ ಮಕ್ಕಳ ಸಂಘಟನೆ. ಹದಿನೆಂಟು ವರ್ಷದೊಳಗಿನ ದುಡಿಯುವ ಮಕ್ಕಳೇ ಇದರ ಸದಸ್ಯರು ಮತ್ತು ಪದಾಧಿಕಾರಿಗಳು. 1990ರಲ್ಲಿ ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಎಂಬ ಸ್ವಯಂಸೇವಾ ಸಂಸ್ಥೆಯ ನೆರವಿನಿಂದ ಇದು ಆರಂಭವಾಯಿತು. 1996ರಲ್ಲಿ ಕುಂದಾಪುರದಲ್ಲಿ ನಡೆದ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆಗೆ ಆತಿಥ್ಯ ವಹಿಸಿದ್ದರಿಂದ ಸಂಘದ ಹೆಸರು ಹೊರದೇಶಗಳಿಗೂ ತಿಳಿಯಿತು. ಅಲ್ಲಿಂದ ಮುಂದೆ ಆಮ್‌ಸ್ಟರ್‌ಡ್ಯಾಮ್, ಓಸ್ಲೊ, ಡಕಾರ್, ಬರ್ಲಿನ್, ಸಿಯೆನಾ ನಗರಗಳಲ್ಲಿ ನಡೆದ ಸಮ್ಮೇಳನಗಳಲ್ಲಿ ದುಡಿಯುವ ಮಕ್ಕಳ ಚಳವಳಿಗಳ ಪ್ರತಿನಿಧಿಗಳು ತಮ್ಮ ಮಾತನ್ನು ತಾವೇ ಮಂಡಿಸಿದರು. ಬಾಲಕಾರ್ಮಿಕತೆಯ ಕುರಿತು ಕಾನೂನು ರೂಪಿಸುವ ಸಭೆಯಲ್ಲಿ ಆ ಮಕ್ಕಳಿಗೇ ಕೂರಲು ಜಾಗವಿದೆಯೇ ಎಂಬುದು ಈ ಎಲ್ಲ ಪ್ರಯಾಣಗಳ ಹಿಂದಿದ್ದ ಪ್ರಶ್ನೆ.

ಮಾತೃಸಂಸ್ಥೆಯ ಹೆಸರನ್ನು ಸಾಮಾನ್ಯವಾಗಿ ಸಿ.ಡಬ್ಲ್ಯು.ಸಿ. ಎಂದು ಹ್ರಸ್ವಗೊಳಿಸುತ್ತಾರೆ. ಬಾಲನ್ಯಾಯ ಕಾಯ್ದೆಯ ಅಡಿಯಲ್ಲಿ ಪ್ರತಿ ಜಿಲ್ಲೆಯಲ್ಲೂ ಇರುವ ಮಕ್ಕಳ ಕಲ್ಯಾಣ ಸಮಿತಿಗೂ ಇದೇ ಹ್ರಸ್ವನಾಮ ಬಳಕೆಯಲ್ಲಿದೆ. ಇವೆರಡೂ ಬೇರೆ ಬೇರೆ.

ಹಿನ್ನೆಲೆ

ಕರ್ನಾಟಕದಲ್ಲಿ ಮಕ್ಕಳ ದುಡಿಮೆಯು ಬಹುಮಟ್ಟಿಗೆ ವಲಸೆಯೊಂದಿಗೆ ಬೆಸೆದುಕೊಂಡಿದೆ. ಕರಾವಳಿಯ ಕುಂದಾಪುರ ಸೀಮೆಯಿಂದ ಹುಡುಗರು ಬೆಂಗಳೂರು, ಮುಂಬಯಿಯ ಹೋಟೆಲುಗಳಿಗೆ ಲೋಟ ತೊಳೆಯಲು, ಮೇಜು ಒರೆಸಲು ಹೋಗುತ್ತಿದ್ದರು. ಈಶಾನ್ಯದ ಜಿಲ್ಲೆಗಳಲ್ಲಿ ಇದರ ರೂಪ ಬೇರೆ. ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ಜಿಲ್ಲೆಯಲ್ಲಿ ಕಾಲುವೆ ನೀರು ಹರಿಯುವ ಭಾಗದಲ್ಲಿ ಭತ್ತವೂ, ಉಳಿದೆಡೆ ಹತ್ತಿ, ಮೆಣಸಿನಕಾಯಿ, ಜೋಳ, ತೊಗರಿಯೂ ಬೆಳೆಯುತ್ತವೆ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ದೇವದುರ್ಗ, ಮಾನ್ವಿ ಕಡೆಯ ಶಾಲೆಗಳಲ್ಲಿ ಹಾಜರಿ ಇಳಿಯುತ್ತದೆ. ಮಳೆಯನ್ನೇ ನಂಬಿದ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರು, ಹೈದರಾಬಾದುಗಳ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ಇದನ್ನೇ ಅಲ್ಲಿನ ಜನ ‘ಗುಳೆ ಹೋಗುವುದು’ ಎನ್ನುತ್ತಾರೆ. ಗುಳೆ ಹೋದ ಮಗುವಿನ ಹೆಸರು ಊರಿನ ಶಾಲೆಯ ಹಾಜರಿಪಟ್ಟಿಯಲ್ಲಿ ಇರುತ್ತದೆ. ಮಗು ಮಾತ್ರ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳುತ್ತ ನಗರದ ಶೆಡ್ಡಿನಲ್ಲಿರುತ್ತದೆ.

1986ರ ಬಾಲಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯ್ದೆಯು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಅನುಸೂಚಿಯಲ್ಲಿ ಹೆಸರಿಸಿದ ಉದ್ಯೋಗಗಳಲ್ಲಿ ಮಾತ್ರ ನಿಷೇಧಿಸಿತು. ಹೋಟೆಲು, ಢಾಬಾ ಮತ್ತು ಮನೆಗೆಲಸ ಆ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಿಂದ. ಹೊಲದ ಕೆಲಸದ ಬಹುಭಾಗ ನಿಷೇಧದ ಹೊರಗೇ ಉಳಿದಿತ್ತು. ಆದ್ದರಿಂದ ಭೀಮ ಸಂಘ ಹುಟ್ಟಿದ ಕಾಲಕ್ಕೆ ಬೆಂಗಳೂರಿನ ಹೋಟೆಲಿನ ಹುಡುಗನಾಗಲಿ, ಮಾನ್ವಿಯ ಹತ್ತಿ ಹೊಲದ ಹುಡುಗಿಯಾಗಲಿ ಕಾನೂನಿನ ದೃಷ್ಟಿಯಲ್ಲಿ ನಿಷೇಧಿತ ದುಡಿಮೆಯಲ್ಲಿ ಇರಲಿಲ್ಲ. ನಿಯಂತ್ರಣ, ರಕ್ಷಣೆಗಳೂ ಅವರನ್ನು ಹೆಚ್ಚಾಗಿ ಮುಟ್ಟುತ್ತಿರಲಿಲ್ಲ.

ಸ್ಥಾಪನೆ ಮತ್ತು ಸ್ವರೂಪ

ಮಾತೃಸಂಸ್ಥೆಯನ್ನು ಕಟ್ಟಿದವರಲ್ಲಿ ನಂದನಾ ರೆಡ್ಡಿ, ದಾಮೋದರ ಆಚಾರ್ಯ ಪ್ರಮುಖರು. ಬೆಂಗಳೂರಿನ ಅಸಂಘಟಿತ ಕಾರ್ಮಿಕರ ನಡುವೆ ಕೆಲಸ ಮಾಡುವಾಗ ಅವರಿಗೆ ಎದುರಾದವರು ಯಾವ ಕಾರ್ಮಿಕ ಸಂಘಕ್ಕೂ ಸೇರದ ಮಕ್ಕಳು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಂತೆ ಹದಿನೈದು ತುಂಬದವರು ನೋಂದಾಯಿತ ಸಂಘದ ಸದಸ್ಯರಾಗುವಂತಿರಲಿಲ್ಲ. ದುಡಿಯುತ್ತಾರೆ, ಆದರೆ ಕಾರ್ಮಿಕರಲ್ಲ ಎಂಬ ಈ ಸ್ಥಿತಿಯಲ್ಲಿ ಮಕ್ಕಳದೇ ಪ್ರತ್ಯೇಕ ಸಂಘವೊಂದು ರೂಪುಗೊಂಡಿತು. ಹೋಟೆಲು ಮಾಣಿಗಳು, ಚಿಂದಿ ಆಯುವವರು, ಮನೆಗೆಲಸದ ಹುಡುಗಿಯರು, ದನ ಕಾಯುವವರು, ಕೂಲಿಗೆ ಹೋಗುವವರು ಇದರಲ್ಲಿದ್ದರು. ‘ಭೀಮ ಪತ್ರಿಕೆ’ ಎಂಬ ಹೆಸರಿನಲ್ಲಿ ಮಕ್ಕಳ ಪತ್ರಿಕೆಯೂ ಹೊರಬಂದಿತು. ಸಂಘದ ಮುಖ್ಯ ಕಾರ್ಯಕ್ಷೇತ್ರಗಳು ಬೆಂಗಳೂರು, ಕುಂದಾಪುರ, ಶಿರಸಿ ಮತ್ತು ಬಳ್ಳಾರಿ ಭಾಗ.

ಭೀಮ ಸಂಘವು ‘ಬಾಲಕಾರ್ಮಿಕ’ ಎಂಬ ಪದಕ್ಕಿಂತ ‘ದುಡಿಯುವ ಮಗು’ ಎಂಬುದನ್ನೇ ಬಳಸುತ್ತದೆ. ಪದದ ಈ ಆಯ್ಕೆಯ ಹಿಂದೆ ಒಂದು ನಿಲುವಿದೆ. ಮೊದಲನೆಯ ಪದ ಒಂದು ಪಿಡುಗನ್ನು ಹೆಸರಿಸುತ್ತದೆ, ಎರಡನೆಯದು ಒಬ್ಬ ವ್ಯಕ್ತಿಯನ್ನು.

ಅಂತರರಾಷ್ಟ್ರೀಯ ಸಂದರ್ಭ

ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ 1989ರ ನವೆಂಬರ್ 20ರಂದು ಅಂಗೀಕೃತವಾಯಿತು. ಭಾರತ 1992ರ ಡಿಸೆಂಬರ್‌ನಲ್ಲಿ ಅದನ್ನು ಒಪ್ಪಿಕೊಂಡಿತು. ಅದರ 32ನೆಯ ವಿಧಿ ಆರ್ಥಿಕ ಶೋಷಣೆಯಿಂದ ಮಕ್ಕಳಿಗೆ ರಕ್ಷಣೆ ನೀಡುತ್ತದೆ. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು 12ನೆಯ ವಿಧಿಯಲ್ಲಿಯೂ, ಸಂಘ ಕಟ್ಟಿಕೊಳ್ಳುವ ಹಕ್ಕು 15ನೆಯ ವಿಧಿಯಲ್ಲಿಯೂ ಇದೆ. ಸರಕಾರಗಳು ಹೆಚ್ಚಾಗಿ ಮೊದಲನೆಯದನ್ನು ಹಿಡಿದು ಮಾತನಾಡಿದರೆ, ಮಕ್ಕಳ ಸಂಘಟನೆಗಳು ಕೊನೆಯ ಎರಡನ್ನು ಹಿಡಿದವು.

ದುಡಿಮೆಯ ಕುರಿತ ಜಾಗತಿಕ ನಿಯಮಗಳನ್ನು ರೂಪಿಸುವುದು 1919ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐ.ಎಲ್.ಒ.). ಅದರ ವಾರ್ಷಿಕ ಸಮ್ಮೇಳನಕ್ಕೆ ಪ್ರತಿ ಸದಸ್ಯ ರಾಷ್ಟ್ರದಿಂದ ನಾಲ್ವರು ಪ್ರತಿನಿಧಿಗಳು ಹೋಗುತ್ತಾರೆ: ಸರಕಾರದ ಇಬ್ಬರು, ಮಾಲೀಕರ ಕಡೆಯ ಒಬ್ಬರು, ಕಾರ್ಮಿಕರ ಕಡೆಯ ಒಬ್ಬರು. ಕಾರ್ಮಿಕ ಸಂಘಕ್ಕೇ ಸೇರಲಾಗದ ಮಗುವಿಗೆ ಈ ನಾಲ್ಕು ಕುರ್ಚಿಗಳಲ್ಲಿ ಯಾವುದೂ ಸಲ್ಲದು. ಮಕ್ಕಳ ಚಳವಳಿಗಳು ಮುಂದೆ ಎದುರಿಸಿದ ತೊಡಕಿನ ಮೂಲ ಯಾರದೋ ದುರುದ್ದೇಶಕ್ಕಿಂತ ಹೆಚ್ಚಾಗಿ ಈ ರಚನೆಯಲ್ಲಿಯೇ ಇತ್ತು.

ಇನ್ನೊಂದು ಘಟನೆ ಆ ದಶಕದ ಚರ್ಚೆಯ ದಿಕ್ಕನ್ನೇ ತಿರುಗಿಸಿತು. ಮಕ್ಕಳು ತಯಾರಿಸಿದ ಸರಕಿನ ಆಮದನ್ನು ತಡೆಯುವ ಮಸೂದೆಯನ್ನು ಅಮೆರಿಕದ ಸೆನೆಟರ್ ಟಾಮ್ ಹಾರ್ಕಿನ್ 1992ರಲ್ಲಿ ಮಂಡಿಸಿದರು. ಮಸೂದೆ ಕಾನೂನಾಗಲಿಲ್ಲ. ಆದರೆ ಅದರ ಭಯಕ್ಕೇ ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳು ಮಕ್ಕಳನ್ನು ಸಾವಿರಾರು ಸಂಖ್ಯೆಯಲ್ಲಿ ಕೆಲಸದಿಂದ ತೆಗೆದವು. ಹಾಗೆ ಹೊರಬಿದ್ದವರಲ್ಲಿ ಅನೇಕರು ಶಾಲೆ ಸೇರುವ ಬದಲು ಕಲ್ಲು ಒಡೆಯುವಂತಹ ಇನ್ನೂ ಅಪಾಯಕಾರಿ ಕೆಲಸಗಳಿಗೆ ಹೋದುದನ್ನು ಯುನಿಸೆಫ್‌ನ 1997ರ ವಾರ್ಷಿಕ ವರದಿ ದಾಖಲಿಸಿದೆ.

ಆ ಹೊತ್ತಿಗೆ ಇತರ ಖಂಡಗಳಲ್ಲಿಯೂ ದುಡಿಯುವ ಮಕ್ಕಳ ಸಂಘಟನೆಗಳು ಇದ್ದವು. ಪೆರು ದೇಶದ ‘ಮಂಥೋಕ್’ 1976ರಷ್ಟು ಹಿಂದಿನದು. ಆಫ್ರಿಕಾದಲ್ಲಿ ಮನೆಗೆಲಸದ ಹುಡುಗಿಯರು ಮತ್ತು ಬೀದಿಯ ಕಸುಬುಗಳ ಮಕ್ಕಳು 1994ರಲ್ಲಿ ಐವರಿ ಕೋಸ್ಟ್‌ನ ಬುವಾಕೆಯಲ್ಲಿ ಸೇರಿ ಹನ್ನೆರಡು ಹಕ್ಕುಗಳ ಪಟ್ಟಿಯೊಂದನ್ನು ಮಾಡಿಕೊಂಡಿದ್ದರು. ಇವರೆಲ್ಲ ಒಂದೆಡೆ ಕೂಡಿದ್ದು ಕುಂದಾಪುರದಲ್ಲಿ.

ಕುಂದಾಪುರ ಸಭೆ, 1996

ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆಯು 1996ರ ನವೆಂಬರ್ 27ರಿಂದ ಡಿಸೆಂಬರ್ 9ರವರೆಗೆ ನಡೆಯಿತು. ಬಾಲಕಾರ್ಮಿಕತೆಯ ಅಂತರರಾಷ್ಟ್ರೀಯ ಕಾರ್ಯಗುಂಪು ಎಂಬ ತಜ್ಞರ ಜಾಲವು ಇದನ್ನು ಸಂಘಟಿಸಿತು. ಏಷ್ಯಾ, ಆಫ್ರಿಕಾ ಮತ್ತು ಲ್ಯಾಟಿನ್ ಅಮೆರಿಕದ 33 ದೇಶಗಳ ಪ್ರತಿನಿಧಿಗಳು ಬಂದಿದ್ದರು. ಕುಂದಾಪುರ ಆಗ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು ಕೇಂದ್ರ. ಉಡುಪಿ ಜಿಲ್ಲೆ ರೂಪುಗೊಂಡದ್ದು ಮರುವರ್ಷದ ಆಗಸ್ಟ್‌ನಲ್ಲಿ. ರಾಜಧಾನಿಯನ್ನು ಬಿಟ್ಟು, ಮಕ್ಕಳು ಹೋಟೆಲು ಕೆಲಸಕ್ಕಾಗಿ ಬಿಟ್ಟುಹೋಗುವ ಊರಿಗೇ ಜಗತ್ತಿನ ಪ್ರತಿನಿಧಿಗಳು ಬಂದದ್ದು ಸಭೆಯ ವಿಶೇಷ.

ಹದಿಮೂರು ದಿನಗಳು ಒಂದು ಸಮ್ಮೇಳನಕ್ಕೆ ದೀರ್ಘವೆನಿಸಬಹುದು. ಆದರೆ ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಸಭೆಗೆ ಕಾಲಾವಕಾಶ ಬೇಕು. ಕನ್ನಡದಲ್ಲಿ ಆಡಿದ ಮಾತು ಮೊದಲು ಇಂಗ್ಲಿಷಿಗೆ, ಅಲ್ಲಿಂದ ಸ್ಪ್ಯಾನಿಷ್ ಅಥವಾ ಫ್ರೆಂಚಿಗೆ ಹೋಗಿ ಉತ್ತರ ಅದೇ ದಾರಿಯಲ್ಲಿ ಹಿಂದಿರುಗಬೇಕು. ದೊಡ್ಡವರ ಸಮ್ಮೇಳನಗಳಲ್ಲಿ ಒಂದೆರಡು ದಿನಗಳಲ್ಲಿ ಮುಗಿಯುವ ಕೆಲಸ ಮಕ್ಕಳ ಸಭೆಗಳಲ್ಲಿ ಎರಡು ವಾರ ಹಿಡಿಯುವುದಕ್ಕೆ ಇದೂ ಕಾರಣ. 2004 ಮತ್ತು 2006ರ ಸಭೆಗಳೂ ಹೀಗೆಯೇ ದೀರ್ಘವಾಗಿದ್ದವು.

ಸಭೆಯ ಕೊನೆಗೆ ಹತ್ತು ಅಂಶಗಳ ಘೋಷಣೆಯೊಂದನ್ನು ಅಂಗೀಕರಿಸಲಾಯಿತು. ಇದು ‘ಕುಂದಾಪುರ ಘೋಷಣೆ’ ಎಂದೇ ಪ್ರಸಿದ್ಧವಾಗಿದೆ. ಅದರ ಸಾರಾಂಶ ಹೀಗಿದೆ. ತಮ್ಮ ಸಮಸ್ಯೆಗಳು, ಪ್ರಸ್ತಾಪಗಳು ಮತ್ತು ಸಂಘಟನೆಗೆ ಮನ್ನಣೆ ಬೇಕೆಂದು ಮಕ್ಕಳು ಕೇಳಿದರು. ತಾವು ಮಾಡುವ ಕೆಲಸಕ್ಕೆ ಗೌರವ ಮತ್ತು ಭದ್ರತೆ, ತಮ್ಮ ಬದುಕಿಗೆ ಹೊಂದುವ ಶಿಕ್ಷಣ ಮತ್ತು ವೃತ್ತಿ ತರಬೇತಿ, ಒಳ್ಳೆಯ ವೈದ್ಯಕೀಯ ಸೌಲಭ್ಯ ಬೇಕೆಂದರು. ತಮಗೆ ಸಂಬಂಧಿಸಿದ ಎಲ್ಲ ನಿರ್ಧಾರಗಳಲ್ಲಿ, ಅದು ಊರಿನ ಮಟ್ಟದ್ದಿರಲಿ ಜಗತ್ತಿನ ಮಟ್ಟದ್ದಿರಲಿ, ತಮ್ಮ ಅಭಿಪ್ರಾಯ ಕೇಳಬೇಕೆಂದರು. ತಮ್ಮ ಸ್ಥಿತಿಗೆ ಮೂಲವಾದ ಬಡತನವನ್ನು ಎದುರಿಸಬೇಕೆಂದರು.

ಉಳಿದ ಮೂರು ಅಂಶಗಳು ಹೆಚ್ಚು ಚರ್ಚೆಗೆ ಒಳಗಾದವು. ಮಕ್ಕಳು ತಯಾರಿಸಿದ ವಸ್ತುಗಳ ಬಹಿಷ್ಕಾರವನ್ನು ಘೋಷಣೆ ವಿರೋಧಿಸಿತು. ಹಾರ್ಕಿನ್ ಮಸೂದೆ ಮತ್ತು ಬಾಂಗ್ಲಾದೇಶದ ಅನುಭವಗಳು ಇದರ ಹಿನ್ನೆಲೆ. ಶೋಷಣೆಯನ್ನು ವಿರೋಧಿಸುತ್ತಲೇ, ಓದಿಗೆ ಮತ್ತು ಬಿಡುವಿಗೆ ಸಮಯ ಉಳಿಯುವಂತಹ ಘನತೆಯ ಕೆಲಸವನ್ನು ಅದು ಬೆಂಬಲಿಸಿತು. ವಿವಾದ ಎದ್ದದ್ದು ಮುಖ್ಯವಾಗಿ ಈ ಅಂಶದ ಮೇಲೆ. ಮಕ್ಕಳು ಅನಿವಾರ್ಯವಾಗಿ ಊರು ಬಿಡದಂತೆ ಗ್ರಾಮೀಣ ಪ್ರದೇಶಗಳಲ್ಲಿ ಹೆಚ್ಚು ಕಾರ್ಯಕ್ರಮಗಳೂ, ನಿರ್ಧಾರದ ವಿಕೇಂದ್ರೀಕರಣವೂ ಆಗಬೇಕು ಎಂಬುದು ಮೂರನೆಯದು. ಹೊರದೇಶಗಳ ಬರಹಗಳಲ್ಲಿ ಈ ಅಂಶಕ್ಕೆ ಸಿಕ್ಕಿರುವ ಗಮನ ಕಡಿಮೆ. ಆದರೆ ಗುಳೆ ಹೋಗುವ ಸೀಮೆಯ ಓದುಗರಿಗೆ ಹತ್ತರಲ್ಲಿ ಹತ್ತಿರವೆನಿಸುವುದು ಇದೇ.

ಆಮ್‌ಸ್ಟರ್‌ಡ್ಯಾಮ್ ಮತ್ತು ಓಸ್ಲೊ, 1997

ಕುಂದಾಪುರ ಸಭೆಯ ಬೆನ್ನಿಗೇ ಎರಡು ಸರಕಾರಿ ಸಮ್ಮೇಳನಗಳು ಬಂದವು. ಮೊದಲನೆಯದು 1997ರ ಫೆಬ್ರವರಿ 26 ಮತ್ತು 27ರಂದು ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಬಾಲಕಾರ್ಮಿಕತೆಯ ಅತ್ಯಂತ ಅಸಹನೀಯ ರೂಪಗಳನ್ನು ಕುರಿತು ನಡೆಯಿತು. ಭೀಮ ಸಂಘವೂ ಸೇರಿದ ಚಳವಳಿಗಳ ಒತ್ತಾಯದ ಫಲವಾಗಿ ಮೂರು ಖಂಡಗಳ ಎಂಟು ಮಂದಿ ದುಡಿಯುವ ಮಕ್ಕಳಿಗೆ ಅಲ್ಲಿ ಪ್ರವೇಶ ದೊರೆಯಿತು. ಮಂತ್ರಿಗಳು, ಮಾಲೀಕರ ಮತ್ತು ಕಾರ್ಮಿಕ ಸಂಘಗಳ ಮುಖಂಡರು ಕುಳಿತಿದ್ದ ಸಭೆಯಲ್ಲಿ ಅವರು ಕುಂದಾಪುರದ ಹತ್ತು ಅಂಶಗಳನ್ನು ಮುಂದಿಟ್ಟರು.

ಎರಡನೆಯದು ಅದೇ ವರ್ಷ ಅಕ್ಟೋಬರ್ 27ರಿಂದ 30ರವರೆಗೆ ನಾರ್ವೆಯ ಓಸ್ಲೊ ನಗರದಲ್ಲಿ ಜರುಗಿತು. ಇಲ್ಲಿ ಅವಕಾಶ ಕಿರಿದಾಯಿತು. ಖಂಡಕ್ಕೊಬ್ಬರಂತೆ ಮೂವರು ಮಕ್ಕಳಿಗೆ ಮಾತ್ರ ಆಹ್ವಾನವಿತ್ತು. ಏಷ್ಯಾ ಖಂಡದ ಎಲ್ಲ ದುಡಿಯುವ ಮಕ್ಕಳ ಪರವಾಗಿ ಒಂದು ಮಗು! ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಂಟು, ಓಸ್ಲೊದಲ್ಲಿ ಮೂರು ಎಂಬ ಈ ಲೆಕ್ಕವನ್ನು ಚಳವಳಿಗಳು ಮುಂದೆ ಹಲವು ಬಾರಿ ಎತ್ತಿ ಆಡಿವೆ. ಮಕ್ಕಳ ಮಾತು ದೊಡ್ಡವರ ಒಮ್ಮತಕ್ಕೆ ಹೊಂದದಿದ್ದಾಗ ಕುರ್ಚಿಗಳ ಸಂಖ್ಯೆ ಇಳಿಯುತ್ತದೆ ಎಂಬುದು ಅವರ ದೂರು.

ಡಕಾರ್, ಜಿನೀವಾ ಮತ್ತು 182ನೆಯ ಒಡಂಬಡಿಕೆ

ಐ.ಎಲ್.ಒ.ದ ಹೊಸ ಒಡಂಬಡಿಕೆಯೊಂದರ ಚರ್ಚೆ 1998 ಮತ್ತು 1999ರ ವಾರ್ಷಿಕ ಸಮ್ಮೇಳನಗಳಿಗೆ ನಿಗದಿಯಾಗಿತ್ತು. ಅದಕ್ಕೆ ಮುನ್ನ, 1998ರ ಮಾರ್ಚ್‌ನಲ್ಲಿ, ಮೂರೂ ಖಂಡಗಳ ಚಳವಳಿಗಳು ಸೆನೆಗಲ್‌ನ ರಾಜಧಾನಿ ಡಕಾರ್‌ನಲ್ಲಿ ಸೇರಿ ತಮ್ಮ ನಿಲುವನ್ನು ಖಚಿತಪಡಿಸಿಕೊಂಡವು. ಗುಲಾಮಗಿರಿ, ಲೈಂಗಿಕ ಶೋಷಣೆ, ಮಾದಕ ವಸ್ತುಗಳ ಸಾಗಣೆಯಂತಹವು ‘ದುಡಿಮೆ’ಯೇ ಅಲ್ಲ, ಅವು ಮಕ್ಕಳ ಮೇಲಿನ ಅಪರಾಧಗಳು, ಅವನ್ನು ದುಡಿಮೆಯ ಒಂದು ರೂಪವೆಂದು ಕರೆಯಬಾರದು ಎಂಬುದು ದುಡಿಯುವ ಮಕ್ಕಳ ಚಳವಳಿಗಳ ವಾದ.

ಇದೇ ಕಾಲದಲ್ಲಿ ಇನ್ನೊಂದು ಪ್ರವಾಹವೂ ಜಿನೀವಾದತ್ತ ಹರಿಯುತ್ತಿತ್ತು. ಕೈಲಾಶ್ ಸತ್ಯಾರ್ಥಿ ಅವರ ಮುಂದಾಳತ್ವದ ‘ಬಾಲಕಾರ್ಮಿಕತೆಯ ವಿರುದ್ಧ ಜಾಗತಿಕ ಮೆರವಣಿಗೆ’ 1998ರ ಜನವರಿ 17ರಂದು ಮನಿಲಾದಲ್ಲಿ ಆರಂಭವಾಗಿ ಹಲವು ದೇಶಗಳನ್ನು ಹಾದು ಜೂನ್ ಮೊದಲ ವಾರದಲ್ಲಿ ಜಿನೀವಾ ತಲುಪಿತು. ಮೆರವಣಿಗೆಯ ಮಕ್ಕಳು ಸಮ್ಮೇಳನದ ಸಭಾಂಗಣವನ್ನೇ ಪ್ರವೇಶಿಸಿದರು. ಎರಡೂ ಕಡೆ ಮಕ್ಕಳಿದ್ದರು ಎಂಬುದನ್ನು ಗಮನಿಸಬೇಕು. ಒಂದು ಗುಂಪು ಮಕ್ಕಳ ದುಡಿಮೆ ಪೂರ್ಣವಾಗಿ ನಿಲ್ಲಬೇಕೆಂದಿತು. ಇನ್ನೊಂದು ಗುಂಪು ಶೋಷಣೆ ನಿಲ್ಲಲಿ, ನಮ್ಮ ಹೊಟ್ಟೆಪಾಡಿಗೆ ಬೇರೆ ದಾರಿ ಕಾಣಿಸದೆ ನಿಷೇಧ ಬೇಡವೆಂದಿತು. ‘ಮಕ್ಕಳ ದನಿ’ ಎಂದು ಏಕವಚನದಲ್ಲಿ ಮಾತನಾಡುವುದು ಎಷ್ಟು ಕಷ್ಟ ಎಂಬುದಕ್ಕೆ 1998 ಒಳ್ಳೆಯ ಉದಾಹರಣೆ.

ಬಾಲಕಾರ್ಮಿಕತೆಯ ಅತಿ ಹೀನ ರೂಪಗಳನ್ನು ಕುರಿತ 182ನೆಯ ಒಡಂಬಡಿಕೆಯು 1999ರ ಜೂನ್ 17ರಂದು ಸರ್ವಾನುಮತದಿಂದ ಅಂಗೀಕಾರವಾಯಿತು. ಕುಂದಾಪುರ ಘೋಷಣೆಯ ಕೇಂದ್ರವಾಗಿದ್ದ ‘ಘನತೆಯ ದುಡಿಮೆ’ಯ ಕಲ್ಪನೆಗೆ ಅದರಲ್ಲಿ ಸ್ಥಾನ ಸಿಗಲಿಲ್ಲ. ಬಡತನವೇ ಬಾಲಕಾರ್ಮಿಕತೆಯ ಮುಖ್ಯ ಕಾರಣವೆಂಬ ಮಾತು ಮಾತ್ರ ಅದರ ಪೀಠಿಕೆಯಲ್ಲಿದೆ. ಭಾರತವು ಈ ಒಡಂಬಡಿಕೆಯನ್ನೂ, ಕನಿಷ್ಠ ವಯಸ್ಸಿಗೆ ಸಂಬಂಧಿಸಿದ 1973ರ 138ನೆಯ ಒಡಂಬಡಿಕೆಯನ್ನೂ 2017ರ ಜೂನ್ 13ರಂದು ಸ್ಥಿರೀಕರಿಸಿತು. ಕುಂದಾಪುರ ಸಭೆಯ ಕಾಲಕ್ಕೆ ಹನ್ನೆರಡು ವರ್ಷದವನಾಗಿದ್ದ ಹುಡುಗನಿಗೆ ಆಗ ಮೂವತ್ಮೂರು ವರ್ಷ. ಮಕ್ಕಳ ಸಂಘಟನೆಗಳ ಒಂದು ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ: ಜಾಗತಿಕ ಕಾನೂನು ಒಂದು ಹೆಜ್ಜೆ ಇಡುವಷ್ಟರಲ್ಲಿ ಅದಕ್ಕಾಗಿ ಮಾತನಾಡಿದ ಪ್ರತಿನಿಧಿ ಹದಿನೆಂಟು ದಾಟಿ ಸಂಘದಿಂದ ಹೊರಬಿದ್ದಿರುತ್ತಾನೆ, ಅವನ ಜಾಗಕ್ಕೆ ಬಂದವರು ಮತ್ತೆ ಮೊದಲಿನಿಂದ ಕಲಿಯಬೇಕಾಗುತ್ತದೆ.

ಬರ್ಲಿನ್, ಸಿಯೆನಾ ಮತ್ತು ಡಿಸೆಂಬರ್ 9

ಸರಕಾರಿ ಸಮ್ಮೇಳನಗಳ ಬಾಗಿಲು ಕಿರಿದಾದಂತೆ ಚಳವಳಿಗಳು ತಮ್ಮದೇ ಸಭೆಗಳತ್ತ ಹೆಚ್ಚು ಗಮನ ಕೊಟ್ಟವು. ಎರಡನೆಯ ವಿಶ್ವಸಭೆ 2004ರ ಏಪ್ರಿಲ್ 19ರಿಂದ ಮೇ 2ರವರೆಗೆ ಜರ್ಮನಿಯ ಬರ್ಲಿನ್‌ನಲ್ಲಿ ನಡೆಯಿತು. ಭಾರತದ ಕಡೆಯಿಂದ, ಭೀಮ ಸಂಘವೂ ಸೇರಿರುವ ದುಡಿಯುವ ಮಕ್ಕಳ ರಾಷ್ಟ್ರೀಯ ಚಳವಳಿ ಭಾಗವಹಿಸಿತು. 2006ರ ಅಕ್ಟೋಬರ್‌ನಲ್ಲಿ ಇಟಲಿಯ ಸಿಯೆನಾದಲ್ಲಿ ಮೂರನೆಯ ಸಭೆ ಕೂಡಿತು.

ಐ.ಎಲ್.ಒ. 2002ರಿಂದ ಜೂನ್ 12ನ್ನು ವಿಶ್ವ ಬಾಲಕಾರ್ಮಿಕ ವಿರೋಧಿ ದಿನವಾಗಿ ಆಚರಿಸುತ್ತಿದೆ. ಭಾರತದ ಶಾಲೆಗಳಲ್ಲಿಯೂ ಅಂದು ಪ್ರತಿಜ್ಞೆ, ಜಾಥಾ ನಡೆಯುತ್ತವೆ. ದುಡಿಯುವ ಮಕ್ಕಳ ಚಳವಳಿಗಳು ಅದಕ್ಕೆ ಬದಲಾಗಿ ಡಿಸೆಂಬರ್ 9ನ್ನು ತಮ್ಮ ದಿನವಾಗಿ ಆರಿಸಿಕೊಂಡವು. ಅದು ಕುಂದಾಪುರ ಸಭೆ ಮುಗಿದ ದಿನಾಂಕ. ಲ್ಯಾಟಿನ್ ಅಮೆರಿಕದ ಮಕ್ಕಳ ಸಂಘಟನೆಗಳು ಇಂದಿಗೂ ಅಂದು ಮೆರವಣಿಗೆ, ಸಭೆಗಳನ್ನು ನಡೆಸುತ್ತವೆ. ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದ ಹೆಸರು ಲಿಮಾ ನಗರದ ಬೀದಿ ವ್ಯಾಪಾರದ ಹುಡುಗರ ನಡುವೆ ಪರಿಚಿತವಾಗಿದೆ; ಅದೇ ಹೆಸರಿನ ಈ ಅರ್ಥ ಕರ್ನಾಟಕದಲ್ಲಿ ಅಷ್ಟಾಗಿ ತಿಳಿದಿಲ್ಲ.

ನಂತರದ ಸರಕಾರಿ ಸಮ್ಮೇಳನಗಳಲ್ಲಿ ಪರಿಸ್ಥಿತಿ ಬೇಗ ಬದಲಾಗಲಿಲ್ಲ. 2017ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಡೆದ ನಾಲ್ಕನೆಯ ಜಾಗತಿಕ ಸಮ್ಮೇಳನಕ್ಕೆ ತಮ್ಮನ್ನು ಆಹ್ವಾನಿಸಲಿಲ್ಲವೆಂದು ಚಳವಳಿಗಳು ಪ್ರತಿಭಟಿಸಿದವು. 2022ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಸೇರಿದ ಐದನೆಯ ಸಮ್ಮೇಳನದಲ್ಲಿ ಮಕ್ಕಳಿಗಾಗಿ ಪ್ರತ್ಯೇಕ ವೇದಿಕೆಯಿತ್ತು. ಇದರ ನಡುವೆ, 2009ರಲ್ಲಿ, ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು 12ನೆಯ ವಿಧಿಯ ವ್ಯಾಖ್ಯಾನವನ್ನು ಪ್ರಕಟಿಸಿತು. ದುಡಿಮೆಗೆ ಸಂಬಂಧಿಸಿದ ಕಾನೂನು, ನೀತಿಗಳನ್ನು ರೂಪಿಸುವಾಗ ದುಡಿಯುವ ಮಕ್ಕಳ ಮಾತನ್ನೂ ಕೇಳಬೇಕೆಂದು ಅದರಲ್ಲಿ ಹೇಳಲಾಗಿದೆ.

ಟೀಕೆ ಮತ್ತು ಭಿನ್ನಾಭಿಪ್ರಾಯ

ಭೀಮ ಸಂಘದ ನಿಲುವಿಗೆ ಭಾರತದಲ್ಲಿಯೇ ಬಲವಾದ ವಿರೋಧವಿದೆ. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕವೇ, ಪೂರ್ಣಾವಧಿ ಶಾಲೆಯೊಂದೇ ಪರಿಹಾರ ಎಂಬುದು ಆಂಧ್ರ–ತೆಲಂಗಾಣ ಭಾಗದ ಎಂ.ವಿ. ಪ್ರತಿಷ್ಠಾನದ ವಾದ. ಅದನ್ನು ಮುನ್ನಡೆಸಿದ ಶಾಂತಾ ಸಿನ್ಹಾ ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಬಡತನ ಹೋಗುವವರೆಗೆ ಕಾಯುವುದೆಂದರೆ ಇನ್ನೊಂದು ತಲೆಮಾರನ್ನು ಹೊಲಕ್ಕೇ ಬಿಡುವುದು ಎನ್ನುವ ಈ ಪಕ್ಷವನ್ನು ಸುಲಭವಾಗಿ ತಳ್ಳಿಹಾಕಲಾಗದು. 2002ರ 86ನೆಯ ಸಂವಿಧಾನ ತಿದ್ದುಪಡಿ ಮತ್ತು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಗಳು ಹೆಚ್ಚು ಹತ್ತಿರವಾಗಿರುವುದು ಈ ವಾದಕ್ಕೆ.

ಮಕ್ಕಳ ಹಿಂದೆ ದೊಡ್ಡವರೇ ನಿಂತು ಮಾತನಾಡಿಸುತ್ತಾರೆ ಎಂಬುದು ಇನ್ನೊಂದು ಟೀಕೆ. ವಿದೇಶಕ್ಕೆ ಹೋಗುವ ಮಗುವಿಗೆ ಪೋಷಕರ ಒಪ್ಪಿಗೆ, ಪಾಸ್‌ಪೋರ್ಟು, ವೀಸಾ, ಖರ್ಚು, ಜೊತೆಗೊಬ್ಬ ದೊಡ್ಡವರು, ಒಬ್ಬ ದುಭಾಷಿ ಬೇಕು. ಇವೆಲ್ಲವನ್ನೂ ಒದಗಿಸುವುದು ಸ್ವಯಂಸೇವಾ ಸಂಸ್ಥೆಗಳೇ. ಯಾರನ್ನು ಕಳಿಸಬೇಕೆಂಬುದನ್ನು ಸದಸ್ಯ ಮಕ್ಕಳೇ ಆರಿಸುತ್ತಾರೆ, ಹಿರಿಯರದು ಸಹಾಯ ಮಾತ್ರ ಎಂಬುದು ಚಳವಳಿಗಳ ಉತ್ತರ. ಸರಕಾರಗಳ, ಮಾಲೀಕರ ಪ್ರತಿನಿಧಿಗಳಿಗೂ ಭಾಷಣ ಬರೆದುಕೊಡುವವರು ಇರುತ್ತಾರಲ್ಲ ಎಂಬ ಮರುಪ್ರಶ್ನೆಯನ್ನೂ ಕೇಳುವವರಿದ್ದಾರೆ.

2012, 2013 ಮತ್ತು 2014ರಲ್ಲಿ ನಾರ್ವೆಯ ಸಂಸತ್ ಸದಸ್ಯರು ಮಾತೃಸಂಸ್ಥೆಯನ್ನು ನೊಬೆಲ್ ಶಾಂತಿ ಪ್ರಶಸ್ತಿಗೆ ನಾಮನಿರ್ದೇಶನ ಮಾಡಿದರು. 2014ರ ಪ್ರಶಸ್ತಿ ಬಾಲಕಾರ್ಮಿಕತೆಯ ಪ್ರಶ್ನೆಗೇ ಸಂದಿತು. ಅದನ್ನು ಪಡೆದವರು ಮಲಾಲಾ ಯೂಸುಫ್‌ಝಾಯಿ ಅವರೊಂದಿಗೆ ಕೈಲಾಶ್ ಸತ್ಯಾರ್ಥಿ.

ಊರಿನ ಮಟ್ಟದಲ್ಲಿ ಪರಿಣಾಮ

ಕುಂದಾಪುರ ಘೋಷಣೆ ಕೇಳಿದ ವಿಕೇಂದ್ರೀಕರಣವು ಜಿನೀವಾಕ್ಕಿಂತ ಮೊದಲು ಕರ್ನಾಟಕದ ಪಂಚಾಯಿತಿಗಳಲ್ಲಿ ಕಾಣಿಸಿಕೊಂಡಿತು. ಭೀಮ ಸಂಘವಿದ್ದ ಕೆಲವು ಊರುಗಳಲ್ಲಿ 1995ರಿಂದ ‘ಮಕ್ಕಳ ಪಂಚಾಯಿತಿ’ಗಳು ಆರಂಭವಾದವು. ಶಾಲೆಗೆ ಹೋಗುವ ಮತ್ತು ಹೋಗದ ಮಕ್ಕಳು ಇಬ್ಬರೂ ಮತ ಹಾಕಿ ಸದಸ್ಯರನ್ನು ಆರಿಸುತ್ತಿದ್ದರು. ಅಲ್ಲಿ ಎದ್ದ ವಿಷಯಗಳು ನೆಲದವು: ಮಳೆಗಾಲದಲ್ಲಿ ಹಳ್ಳ ದಾಟಲು ಭದ್ರವಾದ ಕಾಲುಸಂಕ, ಕುಡಿಯುವ ನೀರು, ಸೌದೆ ಹೊರುವ ದೂರ, ಸಾರಾಯಿ ಅಂಗಡಿ, ಬಾಲ್ಯವಿವಾಹ. ದೂರದ ಸಮ್ಮೇಳನಗಳಲ್ಲಿ ಮಾತನಾಡಿ ಬಂದ ಮಕ್ಕಳು ಎದುರಿಸಬೇಕಾದ ಹೆಚ್ಚು ಕಷ್ಟದ ಸಭೆ ಬಹುಶಃ ಊರಿನ ಹಿರಿಯರದೇ ಆಗಿತ್ತು.

2006ರಲ್ಲಿ ರಾಜ್ಯದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯು ಮಕ್ಕಳ ಗ್ರಾಮ ಸಭೆಯನ್ನು ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ನಡೆಸುವಂತೆ ಸೂಚಿಸಿತು. ಆಗ ರಾಜ್ಯದಲ್ಲಿದ್ದ ಗ್ರಾಮ ಪಂಚಾಯಿತಿಗಳು 5628. ಭೀಮ ಸಂಘದ ಘಟಕಗಳಿಲ್ಲದ ಜಿಲ್ಲೆಗಳಿಗೂ ಅದರ ಪದ್ಧತಿ ತಲುಪಿದ್ದು ಹೀಗೆ. ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ 14ರ ನಂತರದ ವಾರಗಳಲ್ಲಿ, ಪಂಚಾಯಿತಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ಶಿಕ್ಷಕರು, ಅಂಗನವಾಡಿ ಕಾರ್ಯಕರ್ತೆಯರ ಮುಂದೆ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಸಭೆಯ ಗುಣಮಟ್ಟ ಪಂಚಾಯಿತಿಯಿಂದ ಪಂಚಾಯಿತಿಗೆ ಬದಲಾಗುತ್ತದೆ. ಕೆಲವೆಡೆ ನಡಾವಳಿ ಬರೆದು ಮುಂದಿನ ವರ್ಷ ಉತ್ತರ ಕೊಡುತ್ತಾರೆ, ಕೆಲವೆಡೆ ಭಾಷಣ, ಸಿಹಿ ಹಂಚಿಕೆಯಲ್ಲಿ ಮುಗಿಯುತ್ತದೆ.

ದೇವದುರ್ಗ, ಮಾನ್ವಿ ತಾಲ್ಲೂಕುಗಳ ಮಟ್ಟಿಗೆ ಈ ಸಭೆಯ ಸಮಯವೇ ಒಂದು ತೊಡಕು. ನವೆಂಬರ್–ಡಿಸೆಂಬರ್ ಹತ್ತಿ ಬಿಡಿಸುವ ಕಾಲ. ಸುಗ್ಗಿ ಮುಗಿಸಿದ ಕುಟುಂಬಗಳು ಗುಳೆ ಹೊರಡುವುದೂ ಅದರ ಆಸುಪಾಸಿನಲ್ಲೇ. ಸಭೆ ಹೆಚ್ಚಾಗಿ ಶಾಲೆಯ ಆವರಣದಲ್ಲಿ, ಶಾಲೆಯ ವೇಳೆಯಲ್ಲಿ ನಡೆಯುವುದರಿಂದ ಅಲ್ಲಿ ಕೂರುವವರು ಶಾಲೆಗೆ ಬಂದ ಮಕ್ಕಳು. ಹೊಲದಲ್ಲಿರುವವರ, ಬೆಂಗಳೂರಿನ ಕಟ್ಟಡದ ಬುಡದಲ್ಲಿರುವವರ ಹೆಸರುಗಳನ್ನು ಅಂದಿನ ನಡಾವಳಿಗೆ ಸೇರಿಸುವ ವ್ಯವಸ್ಥೆ ಇನ್ನೂ ರೂಪುಗೊಂಡಿಲ್ಲ.

2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆಯು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ಎಲ್ಲ ಉದ್ಯೋಗಗಳಲ್ಲಿ ನಿಷೇಧಿಸಿದೆ. ಶಾಲೆಯ ವೇಳೆಯ ನಂತರ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ, ಅಪಾಯಕಾರಿಯಲ್ಲದ ಕೆಲಸಕ್ಕೆ ನೆರವಾಗಲು ಅದು ಅವಕಾಶ ಕೊಡುತ್ತದೆ. ಸ್ವಂತ ಹೊಲವಿದ್ದವರ ಮಗುವಿಗೆ ಈ ವಿನಾಯಿತಿ ಅನ್ವಯಿಸುತ್ತದೆ, ಕೂಲಿಗೆ ಹೋಗುವವರ ಮಗುವಿಗೆ ಇಲ್ಲ. ಐ.ಎಲ್.ಒ. ಮತ್ತು ಯುನಿಸೆಫ್ 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನ 16 ಕೋಟಿ ಬಾಲಕಾರ್ಮಿಕರಲ್ಲಿ ಶೇಕಡ 70ರಷ್ಟು ಮಕ್ಕಳು ಇದ್ದದ್ದು ಕೃಷಿಯಲ್ಲಿ.